ಧಾರವಾಡದ ಹುಡುಗರು ಬೇಡ ಅಂದ ಗೋಕಾಕರು

ಸಮೀರವಾಡಿ ಸ್ಟಾಪಿನಲ್ಲಿ ಬಸ್ಸಿಗೆ ಕಾಯುವ ಕಾಲೇಜು ಹುಡುಗರಿಗೆ ಗೋಕಾಕ ಅಂದ್ರ ಕರದಂಟು, ಇಲ್ಲವೇ ಫಾಲ್ಸು. ಗೋಕಾಕ ಚಳವಳಿ ಅಂದ್ರೂ ಆ ಊರಾಗ ಎದ್ದ ಗಲಾಟೆ ಅಂತಲೇ ತಿಳಿದವರಿದ್ದಾರೆ. ಅದು ಊರಲ್ಲ, ಒಬ್ಬ ಮಾಸ್ತರರ ಅಡ್ಡಹೆಸರು. ವಿನಾಯಕ ಕೃಷ್ಣ ಗೋಕಾಕ. ಹುಟ್ಟಿದ್ದು ೧೯೦೯ರ ಆಗಸ್ಟ್ ೯ರಂದು, ಸವಣೂರಿನಲ್ಲಿ. ನಮ್ಮ ಮುಧೋಳ, ಜಮಖಂಡಿಯಂತೆ ಸವಣೂರೂ ಆಗ ಸಂಸ್ಥಾನ. ಅಲ್ಲಿ ನವಾಬರ ಆಳಿಕೆ.

ಹುಡುಗ ಜಾಣ. ಧಾರವಾಡದ ಕರ್ನಾಟಕ ಕಾಲೇಜು ಸೇರಿದ. ಬೇಂದ್ರೆಯವರ ಗೆಳೆಯರ ಗುಂಪಿನ ಗಾಳಿ ತಗಲಿ ವಿನಾಯಕ ಅನ್ನೋ ಹೆಸರಿನಲ್ಲಿ ಕನ್ನಡ ಕವಿತೆ ಬರೆಯತೊಡಗಿದ. ಆದರೆ ಹೊಟ್ಟೆಪಾಡಿನ ವಿದ್ಯೆ ಇಂಗ್ಲಿಷು. ೧೯೩೧ರಲ್ಲಿ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಠಕ್ಕೆ ನಿಂತರು. ಮುಂದೆ ಆಕ್ಸಫರ್ಡಿಗೆ ಹೋಗಿ ಇಂಗ್ಲಿಷಿನಲ್ಲಿ ಮೊದಲ ದರ್ಜೆ ಹೊಡೆದು ೧೯೩೮ರಲ್ಲಿ ಮರಳಿದರು. ಸಾಂಗಲಿ, ಕೊಲ್ಲಾಪುರ ಅಂತ ಮರಾಠಿ ಸೀಮೆಯಲ್ಲಿ ಪ್ರಿನ್ಸಿಪಾಲಕಿ. ೧೯೫೨ರಲ್ಲಿ ತಾವು ಕಲಿತ ಕರ್ನಾಟಕ ಕಾಲೇಜಿಗೇ ಪ್ರಿನ್ಸಿಪಾಲರಾಗಿ ಬಂದರು. ೧೯೫೮ರಲ್ಲಿ ಬಳ್ಳಾರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ. ಮರುವರ್ಷವೇ ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಗೆ ಡೈರೆಕ್ಟರ್! ದೇಶದ ಇಂಗ್ಲಿಷ್ ಮಾಸ್ತರರಿಗೇ ಪಾಠ ಹೇಳಿಕೊಡುವ ಜಾಗ ಅದು. ೧೯೬೬ರಿಂದ ಮೂರು ವರ್ಷ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ.

ಜಗಳ ಹತ್ತಿದ್ದು ಇದಾದ ಮ್ಯಾಲೆ. ಆಗ ಹೈಸ್ಕೂಲಿನಲ್ಲಿ ಸಂಸ್ಕೃತವನ್ನು ಮೊದಲ ಭಾಷೆಯಾಗಿ ತಗೊಂಡು, ಕನ್ನಡದ ಒಂದು ಅಕ್ಷರ ಓದದೆ ಎಸ್ಸೆಸ್ಸೆಲ್ಸಿ ದಾಟಬಹುದಿತ್ತು. ಸಂಸ್ಕೃತಕ್ಕೆ ಮಾರ್ಕೂ ಧಾರಾಳ. ಒಂದೊಂದು ಮಾರ್ಕಿನ ಮೇಲೆ ಸೀಟು ನಿಂತಿರುವಾಗ ಯಾವ ಅಪ್ಪ ಬ್ಯಾಡಂತಾನ? ೧೯೭೯ರಲ್ಲಿ ಸರಕಾರ ಸಂಸ್ಕೃತವನ್ನು ಮೊದಲ ಭಾಷೆಯ ಪಟ್ಟಿಯಿಂದ ತೆಗೆಯಹೋದಾಗ ಸಂಸ್ಕೃತದ ಕಡೆಯವರು ತಿರುಗಿಬಿದ್ದರು. ೧೯೮೦ರ ಜುಲೈನಲ್ಲಿ ಗುಂಡೂರಾವ್ ಸರಕಾರ ತಂಟೆ ತಪ್ಪಿಸಿಕೊಳ್ಳಲು ಒಂದು ಸಮಿತಿ ಮಾಡಿ ಗೋಕಾಕರನ್ನು ಕೂರಿಸಿತು.

ಕನ್ನಡದ ಮಂದಿಗೆ ಸಂಶಯ ಬಂತು. ಕನ್ನಡನಾಡಿನಲ್ಲಿ ಕನ್ನಡಕ್ಕೆ ಜಾಗ ಎಲ್ಲಿ ಅಂತ ಕೇಳೋದಕ್ಕೆ ಸಮಿತಿ ಯಾತಕ್ಕೆ? ಅದೂ ಇಂಗ್ಲಿಷಿನವರ ಕೈಗೆ? ಸಮಿತಿ ಧಾರವಾಡಕ್ಕೆ ಬಂದಾಗ ಸಾಹಿತಿಗಳು, ಮಾಸ್ತರರು, ವಿದ್ಯಾರ್ಥಿಗಳು ಅಡ್ಡ ನಿಂತರು. ಗೋಕಾಕ ಗೋಬ್ಯಾಕ್ ಅನ್ನೋ ಕೂಗು ಎದ್ದಿತು. ಒಂದು ಕಾಲಕ್ಕೆ ತಾವೇ ಪ್ರಿನ್ಸಿಪಾಲರಾಗಿದ್ದ ಊರು! ನಮ್ಮ ಜಮಖಂಡಿ, ಮುಧೋಳದ ಕಾಲೇಜುಗಳೂ ಆಗ ಧಾರವಾಡದ ವಿಶ್ವವಿದ್ಯಾಲಯದ ಕೈಕೆಳಗೇ ಇದ್ದವು.

೧೯೮೧ರ ಜನವರಿ ೨೭ರಂದು ವರದಿ ಹೊರಬಿತ್ತು. ಗೋಬ್ಯಾಕ್ ಅಂದವರ ಬಾಯಿ ಕಟ್ಟಿತು. ಹೈಸ್ಕೂಲಿನಲ್ಲಿ ಕನ್ನಡವೊಂದೇ ಮೊದಲ ಭಾಷೆ, ಅದಕ್ಕೆ ೧೫೦ ಮಾರ್ಕು. ಬೇರೆ ಭಾಷೆಯ ಮಕ್ಕಳೂ ಮೂರನೇ ಇಯತ್ತೆಯಿಂದ ಕನ್ನಡ ಕಲಿಯಬೇಕು. ಜನ ಕೇಳಿದ್ದಕ್ಕಿಂತ ಒಂದು ಕೈ ಹೆಚ್ಚೇ ಬರೆದಿದ್ದರು ಗೋಕಾಕರು.

ಸರಕಾರ ಅದನ್ನ ಕಪಾಟಿನಾಗಿಟ್ಟು ಕುಂತಿತು. ಆಗ ಅದೇ ಧಾರವಾಡ ಮತ್ತೆ ಎದ್ದಿತು. ಈ ಸಲದ ಕೂಗು ಗೋಕಾಕ ವರದಿ ಜಾರಿಯಾಗಲಿ! ಪಾಟೀಲ ಪುಟ್ಟಪ್ಪ, ಚಂಪಾ ಮುಂತಾದವರು ಮುಂದೆ ನಿಂತರು, ಕಾಲೇಜುಗಳು ಬೀದಿಗಿಳಿದವು. ೧೯೮೨ರಲ್ಲಿ ರಾಜಕುಮಾರ್ ಬಂದ ಮೇಲಂತೂ ಕೇಳೋದೇ ಬ್ಯಾಡ. ಆ ವರ್ಷ ಜುಲೈನಲ್ಲಿ ಸರಕಾರ ಮಣಿದು ಆದೇಶ ಹೊರಡಿಸಿತು.

ಮೊದಲು ಗೋಬ್ಯಾಕ್ ಅಂದ ಹುಡುಗರು ತಪ್ಪಿದರು ಅಂತ ಹೇಳುವವರುಂಟು. ನನಗೆ ಹಾಗನ್ನಿಸೋದಿಲ್ಲ. ಸಮಿತಿಯನ್ನು ಪ್ರಶ್ನೆ ಮಾಡುವವರೇ ಇಲ್ಲದಿದ್ದರೆ ಆ ವರದಿ ಅಷ್ಟು ಗಟ್ಟಿಯಾಗಿ ಬರ್ತಿತ್ತೇ? ಹಾಗೆಯೇ, ಬೈಸಿಕೊಂಡೂ ಸಿಟ್ಟನ್ನು ವರದಿಯೊಳಗೆ ಇಳಿಸದ ಗೋಕಾಕರ ಗುಣವನ್ನೂ ಮೆಚ್ಚಬೇಕು.

ಅವರು ಮಾತ್ರ ಆ ಮೆರವಣಿಗೆಗಳ ಮುಂದಾಳಾಗಲಿಲ್ಲ. ೧೯೮೧ರಲ್ಲೇ ಪುಟ್ಟಪರ್ತಿಯ ಸತ್ಯಸಾಯಿ ಸಂಸ್ಥೆಯ ಕುಲಪತಿಯಾಗಿ ಹೋಗಿದ್ದರು. ಭಾರತ ಸಿಂಧು ರಶ್ಮಿ ಮಹಾಕಾವ್ಯ ಬರೆದರು, ೧೯೯೦ರ ಜ್ಞಾನಪೀಠ ಸಿಕ್ಕಿತು. ೧೯೯೨ರ ಏಪ್ರಿಲ್ ೨೮ರಂದು ಮುಂಬಯಿಯಲ್ಲಿ ತೀರಿಕೊಂಡರು.

ಅಷ್ಟರೊಳಗೆ ಅಲ್ಪಸಂಖ್ಯಾತ ಭಾಷೆಯವರು ಕೋರ್ಟಿಗೆ ಹೋಗಿದ್ದರು. ೧೯೮೯ರಲ್ಲಿ ಹೈಕೋರ್ಟು ಆ ಆದೇಶವನ್ನು ಇದ್ದಹಾಗೇ ಉಳಿಸಲಿಲ್ಲ. ೨೦೨೧ರಲ್ಲಿ ಸರಕಾರ ಡಿಗ್ರಿ ತರಗತಿಗೂ ಕನ್ನಡ ಕಡ್ಡಾಯ ಅಂದಿತು. ಈ ಸಲ ಹೈಕೋರ್ಟಿನ ಮೆಟ್ಟಿಲು ಹತ್ತಿದ್ದು ಸಂಸ್ಕೃತದ ಸಂಸ್ಥೆಯೊಂದು, ಅದರ ಜೋಡಿ ಕೆಲವು ವಿದ್ಯಾರ್ಥಿಗಳು. ೨೦೨೨ರ ಏಪ್ರಿಲ್‌ನಲ್ಲಿ ಕೋರ್ಟು ಆ ಕಡ್ಡಾಯಕ್ಕೆ ತಡೆ ಕೊಟ್ಟಿತು.