ಗುಣವಾಗದವರಿಗೂ ಬಾಗಿಲು ತೆರೆದ ಗುರು: ಫಾದರ್ ಅಗಸ್ಟಸ್ ಮುಲ್ಲರ್

ಅಜ್ಜಿಯನ್ನು ಮುಲ್ಲರಿಗೆ ಸೇರಿಸಿದ್ದಾರೆ, ಮಗುವನ್ನು ಮುಲ್ಲರಿನಲ್ಲಿ ತೋರಿಸಿ ಬಂದೆವು – ಮಂಗಳೂರಿನ ಮನೆಗಳಲ್ಲಿ ದಿನವೂ ಕೇಳಿಬರುವ ಮಾತಿದು. ಆಡಿ ಆಡಿ ಆ ಹೆಸರು ನಮಗೆ ಕಂಕನಾಡಿಯ ಒಂದು ಕಟ್ಟಡದ ಹೆಸರಾಗಿಬಿಟ್ಟಿದೆ. ಆದರೆ ಅದು ಒಬ್ಬ ಮನುಷ್ಯನ ಹೆಸರು. ದೂರದ ಜರ್ಮನಿಯಲ್ಲಿ ಹುಟ್ಟಿ, ನಮ್ಮ ಊರಿನ ಮಳೆಯಲ್ಲಿ ನೆನೆದು, ನಮ್ಮ ರೋಗಿಗಳ ನಡುವೆ ಮುದುಕರಾಗಿ, ಇಲ್ಲಿಯೇ ಕಣ್ಣು ಮುಚ್ಚಿದ ಒಬ್ಬ ಯೇಸುಸಭೆಯ ಗುರುವಿನ ಹೆಸರು.

ಈ ವಾರ ಅವರ ಬದುಕನ್ನು ನಿಮ್ಮ ಮುಂದಿಡಲು ಒಂದು ಕಾರಣವಿದೆ. ನಮ್ಮ ಧರ್ಮಕೇಂದ್ರಗಳ ಪ್ರತಿಯೊಂದು ವಾಳೆಯಲ್ಲೂ ವಾಸಿಯಾಗದ ಕಾಯಿಲೆಯೊಡನೆ ಬದುಕುವವರಿದ್ದಾರೆ. ಮಳೆಗಾಲ ಬಂತೆಂದರೆ ಉಬ್ಬಸದಿಂದ ರಾತ್ರಿಯೆಲ್ಲ ಎದ್ದು ಕೂರುವವರು, ಸಂಧಿವಾತದಿಂದ ಬೆರಳು ಮಡಚಲಾಗದವರು, ವಾರಕ್ಕೊಮ್ಮೆ ಅರೆತಲೆನೋವಿಗೆ ಸಿಕ್ಕಿ ಕತ್ತಲೆ ಕೋಣೆ ಸೇರುವವರು, ಸಿಗಡಿ ತಿಂದರೆ ಮೈಯೆಲ್ಲ ಉಬ್ಬುವವರು, ಧೂಪದ ಹೊಗೆ ತಡೆಯಲಾಗದೆ ಬಲಿಪೂಜೆಯ ನಡುವೆ ಹೊರಗೆ ಹೋಗಿ ನಿಲ್ಲುವವರು. ಇವರಿಗೆ ಔಷಧ ಸಿಗುತ್ತದೆ. ಬುದ್ಧಿಮಾತು ಬೇಕಾದಷ್ಟು ಸಿಗುತ್ತದೆ. ಇನ್ನೊಂದು ವಸ್ತು ಸಿಗುವುದಿಲ್ಲ. ಅದೇನೆಂಬುದನ್ನು ಫಾದರ್ ಮುಲ್ಲರರ ಬದುಕು ತೋರಿಸುತ್ತದೆ.

ಔಷಧದ ಪೆಟ್ಟಿಗೆ

ಅಗಸ್ಟಸ್ ಮುಲ್ಲರ್ 1841ರಲ್ಲಿ ಜರ್ಮನಿಯ ವೆಸ್ಟ್‌ಫಾಲಿಯ ಪ್ರಾಂತ್ಯದಲ್ಲಿ ಹುಟ್ಟಿದರು. ಯೇಸುಸಭೆಯನ್ನು ಸೇರಿ ಗುರುಗಳಾದರು. ಆ ದಿನಗಳಲ್ಲಿ ಮಂಗಳೂರಿನ ಕಥೋಲಿಕರು ತಮ್ಮ ಮಕ್ಕಳಿಗೆ ಉನ್ನತ ಶಿಕ್ಷಣ ಬೇಕೆಂದು ರೋಮಿಗೆ ಮನವಿಯ ಮೇಲೆ ಮನವಿ ಕಳುಹಿಸುತ್ತಿದ್ದರು. 1878ರಲ್ಲಿ ಪೋಪ್ ಹದಿಮೂರನೆಯ ಲಿಯೋ ಅವರು, ಅದುವರೆಗೆ ಕಾರ್ಮೆಲ್ ಸಭೆಯವರು ನೋಡಿಕೊಳ್ಳುತ್ತಿದ್ದ ಮಂಗಳೂರನ್ನು ಯೇಸುಸಭೆಯ ವೆನಿಸ್ ಪ್ರಾಂತ್ಯಕ್ಕೆ ಒಪ್ಪಿಸಿದರು. ಅದೇ ವರ್ಷದ ಡಿಸೆಂಬರ್ 31ರಂದು ಮೊದಲ ತಂಡ ಮಂಗಳೂರಿಗೆ ಬಂದಿಳಿಯಿತು. ಆ ತಂಡದಲ್ಲಿ ಮುಲ್ಲರ್ ಇದ್ದರು. ಕೊಂಕಣಿ ವ್ಯಾಕರಣ ಬರೆದ ಫಾದರ್ ಆಂಜೆಲೊ ಮಾಫೆಯಿ ಅವರೂ ಇದ್ದರು.

1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾದಾಗ ಮುಲ್ಲರ್ ಅಲ್ಲಿ ಪಾಠ ಹೇಳಿದರು. ಆದರೆ ಅವರ ಬಳಿ ಪುಸ್ತಕಗಳ ಜೊತೆಗೆ ಹೋಮಿಯೋಪತಿ ಔಷಧದ ಪೆಟ್ಟಿಗೆಯೂ ಒಂದಿತ್ತು. ಮೊದಲು ವಿದ್ಯಾರ್ಥಿಗಳಿಗೆ ಕೊಟ್ಟರು. ಸುದ್ದಿ ಹರಡಿ ಬಡವರು ಬರತೊಡಗಿದರು. ಅದೇ ವರ್ಷ ಬಡವರಿಗಾಗಿ ಹೋಮಿಯೋಪತಿ ಔಷಧಾಲಯವೊಂದು ಹುಟ್ಟಿಕೊಂಡಿತು. ಕಂಕನಾಡಿಯ ಆಲದ ಮರದ ಕೆಳಗೆ ರೋಗಿಗಳನ್ನು ನೋಡಿ ಔಷಧ ಕೊಡುತ್ತಿದ್ದ ಗುರುವನ್ನು ಆ ಸಂಸ್ಥೆ ಇಂದಿಗೂ ತನ್ನ ಮೂಲವೆಂದು ನೆನೆಯುತ್ತದೆ.

ಕೇಳುವುದೂ ಒಂದು ಚಿಕಿತ್ಸೆ

ಹೋಮಿಯೋಪತಿಯನ್ನು ರೂಪಿಸಿದವರು ಜರ್ಮನಿಯ ವೈದ್ಯ ಸಾಮ್ಯುಯೆಲ್ ಹಾನಿಮನ್ (1755–1843). ಅವರ ಕಾಲದ ವೈದ್ಯರು ಯಾವ ಜ್ವರಕ್ಕೂ ರಕ್ತ ತೆಗೆಯುತ್ತಿದ್ದರು. ಪಾದರಸದಂತಹ ವಿಷಗಳನ್ನು ಚಮಚಗಟ್ಟಲೆ ಕುಡಿಸುತ್ತಿದ್ದರು. ರೋಗಕ್ಕಿಂತ ಮೊದಲು ಚಿಕಿತ್ಸೆಯೇ ಪ್ರಾಣ ತೆಗೆಯುವುದಿತ್ತು. ಹಾನಿಮನ್ ಅದಕ್ಕೆ ಬೇಸತ್ತು, ಆರೋಗ್ಯವಂತನಲ್ಲಿ ಯಾವ ಲಕ್ಷಣ ಹುಟ್ಟಿಸುತ್ತದೋ ಅದೇ ಲಕ್ಷಣವಿರುವ ರೋಗಕ್ಕೆ ಆ ವಸ್ತು ಮದ್ದು ಎಂಬ ತತ್ವ ಹೇಳಿದರು. ಅದನ್ನು ಅತ್ಯಂತ ತೆಳುವಾಗಿಸಿ ಕೊಡಬೇಕೆಂದರು.

ಈ ತತ್ವದ ವಿಚಾರ ಮುಂದೆ ನೋಡೋಣ. ಅದರೊಡನೆ ಬಂದ ಇನ್ನೊಂದು ನಿಯಮವನ್ನು ಇಲ್ಲಿ ಗಮನಿಸಿ. ಈ ಪದ್ಧತಿಯಲ್ಲಿ ವೈದ್ಯನು ರೋಗದ ಹೆಸರು ಕೇಳಿ ಮದ್ದು ಕೊಡುವಂತಿಲ್ಲ. ರೋಗಿ ಹೇಗೆ ನಿದ್ರಿಸುತ್ತಾನೆ, ಚಳಿ ತಡೆಯುತ್ತಾನೋ ಸೆಕೆ ತಡೆಯುತ್ತಾನೋ, ಯಾವ ಊಟ ಒಗ್ಗುವುದಿಲ್ಲ, ಯಾವ ವಾಸನೆಗೆ ತಲೆ ಸುತ್ತುತ್ತದೆ, ಮನಸ್ಸಿನಲ್ಲಿ ಯಾವ ಭಯವಿದೆ, ದುಃಖವಾದ ಮೇಲೆ ನೋವು ಹೆಚ್ಚಾಗುತ್ತದೆಯೇ – ಎಲ್ಲವನ್ನೂ ಕೇಳಬೇಕು, ಅವನ ಮಾತಿನಲ್ಲೇ ಬರೆದುಕೊಳ್ಳಬೇಕು. ಕೂಲಿಯವನ ಇಷ್ಟೊಂದು ಮಾತನ್ನು ಆ ಕಾಲದಲ್ಲಿ ಯಾರು ಕೇಳುತ್ತಿದ್ದರು? ಈ ಕಾಲದಲ್ಲಿ ಯಾರು ಕೇಳುತ್ತಾರೆ? ಬಂದ ಬಡವನನ್ನು ಒಂದು ಹೊಟ್ಟೆನೋವೆಂದಾಗಲಿ ಒಂದು ಕೆಮ್ಮೆಂದಾಗಲಿ ಎಣಿಸದೆ, ದೇಹ ಮನಸ್ಸು ಎರಡೂ ಇರುವ ಇಡೀ ಮನುಷ್ಯನೆಂದು ಕಾಣುವ ಪದ್ಧತಿ ಮುಲ್ಲರರದಾಗಿತ್ತು.

ಊರು ಹೊರಗಿಟ್ಟವರು

ಹತ್ತು ವರ್ಷ ಕಳೆಯಿತು. 1890ರಲ್ಲಿ ಅವರು ಕಂಕನಾಡಿಯಲ್ಲಿ ಸಂತ ಜೋಸೆಫರ ಹೆಸರಿನಲ್ಲಿ ಕುಷ್ಠರೋಗಿಗಳಿಗಾಗಿ ಒಂದು ಆಶ್ರಯ ತೆರೆದರು. ಇದರ ತೂಕ ತಿಳಿಯಬೇಕಾದರೆ ಆ ಕಾಲವನ್ನು ನೆನೆಯಬೇಕು. ನಾರ್ವೆಯ ವೈದ್ಯ ಹಾನ್ಸೆನ್ 1873ರಲ್ಲೇ ಕುಷ್ಠದ ರೋಗಾಣುವನ್ನು ಕಂಡುಹಿಡಿದಿದ್ದರು. ಆದರೆ ಅದನ್ನು ಕೊಲ್ಲುವ ಮದ್ದು ಜಗತ್ತಿನ ಯಾವ ವೈದ್ಯನ ಬಳಿಯೂ ಇರಲಿಲ್ಲ. ಕುಷ್ಠರೋಗಿಗಳ ಸೇವೆ ಮಾಡಿ ತಾವೂ ಕುಷ್ಠರೋಗಿಯಾದ ಫಾದರ್ ಡೇಮಿಯನ್ ಹವಾಯಿಯ ಮೊಲೊಕೈ ದ್ವೀಪದಲ್ಲಿ ತೀರಿಕೊಂಡು ಆಗಿನ್ನೂ ಒಂದೇ ವರ್ಷವಾಗಿತ್ತು. (ಅವರು 2009ರಲ್ಲಿ ಸಂತರೆಂದು ಘೋಷಿತರಾದರು.) ನಮ್ಮ ದೇಶದಲ್ಲಿ 1898ರ ಕಾನೂನು ಭಿಕ್ಷೆ ಬೇಡುವ ಕುಷ್ಠರೋಗಿಯನ್ನು ಹಿಡಿದು ಕೂಡಿಹಾಕಲು ಅಧಿಕಾರ ಕೊಟ್ಟಿತು. ಅದು ಪೂರ್ತಿಯಾಗಿ ರದ್ದಾದದ್ದು 2016ರಲ್ಲಿ. ಕ್ರೈಸ್ತರ ವಿಚ್ಛೇದನ ಕಾನೂನಿನಲ್ಲೂ ಕುಷ್ಠರೋಗ ಒಂದು ಕಾರಣವಾಗಿತ್ತು. 2019ರಲ್ಲಷ್ಟೇ ಅದನ್ನು ತೆಗೆದುಹಾಕಲಾಯಿತು. ಒಂದು ರೋಗದ ಬಗ್ಗೆ ಸಮಾಜದ ಭಯ ಎಷ್ಟು ಕಾಲ ಬದುಕುತ್ತದೆ ನೋಡಿ!

ಮುಲ್ಲರರ ಗುಳಿಗೆಗಳಿಗೆ ಕುಷ್ಠವನ್ನು ಗುಣಪಡಿಸುವ ಶಕ್ತಿ ಇರಲಿಲ್ಲ. ಆದರೆ ಅಲ್ಲಿಗೆ ಬಂದವರಿಗೆ ತಲೆಯ ಮೇಲೊಂದು ಸೂರು ಸಿಕ್ಕಿತು, ಊಟ ಸಿಕ್ಕಿತು, ಹುಣ್ಣಿಗೆ ಆರೈಕೆ ಸಿಕ್ಕಿತು, ಪ್ರಾರ್ಥಿಸಲು ಜೊತೆ ಸಿಕ್ಕಿತು. ಗುಣವಾಗುವವರನ್ನು ಮಾತ್ರ ಸೇರಿಸಿಕೊಂಡಿದ್ದರೆ ಅವರ ಔಷಧಾಲಯ ಒಂದು ಒಳ್ಳೆಯ ಅಂಗಡಿಯಾಗಿ ಉಳಿಯುತ್ತಿತ್ತು. ಗುಣವಾಗದವರಿಗೂ ಬಾಗಿಲು ತೆರೆದುದರಿಂದ ಅದು ಆಸ್ಪತ್ರೆಯಾಯಿತು.

1895ರಲ್ಲಿ ಸಾಮಾನ್ಯ ರೋಗಿಗಳ ಆಸ್ಪತ್ರೆ ಬಂತು. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಎರಡು ವರ್ಷಗಳಲ್ಲಿ ಬೆಂಗಳೂರನ್ನು ಮುಟ್ಟಿತ್ತು. ಅದು ಮಂಗಳೂರಿಗೂ ಕಾಲಿಟ್ಟಾಗ, 1902ರಲ್ಲಿ, ಮುಲ್ಲರ್ ಪ್ಲೇಗಿನವರಿಗಾಗಿಯೇ ಪ್ರತ್ಯೇಕ ಆಸ್ಪತ್ರೆ ತೆರೆದರು. ಪ್ಲೇಗು ಎಂದೊಡನೆ ಸ್ವಂತ ಮನೆಯವರೇ ದೂರ ಸರಿಯುತ್ತಿದ್ದ ದಿನಗಳವು. 1907ರಲ್ಲಿ ಸರಕಾರ ಅವರಿಗೆ ಕೈಸರ್-ಎ-ಹಿಂದ್ ಪದಕವನ್ನಿತ್ತಿತು. 1910ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನವೇ, ತಮ್ಮ 69ನೆಯ ವಯಸ್ಸಿನಲ್ಲಿ ಅವರು ದೇವರ ಪಾದ ಸೇರಿದರು.

ಇಂದು ತಿಳಿದಿರಬೇಕಾದದ್ದು

ಪ್ರಿಯ ಓದುಗರೇ, ಫಾದರ್ ಮುಲ್ಲರರನ್ನು ಗೌರವಿಸುವುದೆಂದರೆ ಅವರ ಪೆಟ್ಟಿಗೆಯಲ್ಲಿದ್ದದ್ದೆಲ್ಲ ಎಲ್ಲ ರೋಗಕ್ಕೂ ಮದ್ದು ಎಂದು ನಂಬುವುದಲ್ಲ. ಸತ್ಯಕ್ಕೆ ಹೆದರುವ ಭಕ್ತಿ ಭಕ್ತಿಯಲ್ಲ. ಹೋಮಿಯೋಪತಿಯ 30ರ ಶಕ್ತಿ ಎಂದು ಕರೆಯುವ ಔಷಧವನ್ನು ತಯಾರಿಸುವಾಗ ಒಂದು ಪಾಲು ವಸ್ತುವನ್ನು 99 ಪಾಲು ದ್ರವದಲ್ಲಿ ಬೆರೆಸಿ, ಅದರಿಂದ ಒಂದು ಪಾಲನ್ನು ತೆಗೆದು ಮತ್ತೆ 99ರಲ್ಲಿ ಬೆರೆಸಿ, ಹೀಗೆ 30 ಬಾರಿ ಮಾಡುತ್ತಾರೆ. ಹನ್ನೆರಡನೆಯ ಬಾರಿ ದಾಟಿದ ಮೇಲೆ ಮೂಲವಸ್ತುವಿನ ಒಂದು ಕಣವೂ ಉಳಿದಿರುವುದು ಕಷ್ಟ ಎನ್ನುತ್ತದೆ ರಸಾಯನಶಾಸ್ತ್ರ. ಆಸ್ಟ್ರೇಲಿಯದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಮಂಡಳಿ 2015ರಲ್ಲಿ ಅದುವರೆಗಿನ ಅಧ್ಯಯನಗಳನ್ನು ಪರಿಶೀಲಿಸಿ, ಯಾವ ಕಾಯಿಲೆಗೂ ಇದು ಫಲಕಾರಿ ಎನ್ನಲು ನಂಬಲರ್ಹ ಆಧಾರವಿಲ್ಲವೆಂದು ತೀರ್ಮಾನಿಸಿತು. ಕ್ಷಯ, ಮಲೇರಿಯದಂತಹ ರೋಗಗಳಿಗೆ ಇದನ್ನು ನೆಚ್ಚಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಎಚ್ಚರಿಸಿದೆ.

ಹಾಗಾದರೆ ಆ ಗುಳಿಗೆ ತಿಂದು ನೆಮ್ಮದಿ ಕಂಡವರೆಲ್ಲ ಸುಳ್ಳು ಹೇಳಿದರೇ? ಇಲ್ಲ. ಕಾಯಿಲೆಗಳು ಏರುತ್ತವೆ, ತಾವಾಗಿ ಇಳಿಯುವುದೂ ಉಂಟು. ತನ್ನ ಮಾತನ್ನು ಒಬ್ಬರು ಕೇಳಿದರೆಂಬ ಭರವಸೆಯೂ ನೋವನ್ನು ಹಗುರಗೊಳಿಸುತ್ತದೆ. ಆ ನೆಮ್ಮದಿ ನಿಜ. ಆದರೆ ಅದನ್ನು ನಂಬಿ ಇನ್ಸುಲಿನ್ ನಿಲ್ಲಿಸುವುದು, ಉಬ್ಬಸದ ಪಂಪನ್ನು ಎಸೆಯುವುದು, ರಕ್ತದೊತ್ತಡದ ಮಾತ್ರೆಯನ್ನು ಬಿಡುವುದು ಪ್ರಾಣಕ್ಕೆ ಅಪಾಯ. ದೇವರು ಬುದ್ಧಿ ಕೊಟ್ಟದ್ದು ಬಳಸಲಿಕ್ಕೇ. ಯೋಗಾಸನವಿರಲಿ, ಪಥ್ಯವಿರಲಿ, ಧ್ಯಾನಕೂಟವಿರಲಿ – ಎಲ್ಲವೂ ವೈದ್ಯರು ಕೊಟ್ಟ ಮದ್ದಿನ ಜೊತೆಗಿರಲಿ, ಅದರ ಬದಲಿಗೆ ಬೇಡ. ಮದ್ದು ನಿಲ್ಲಿಸಿದರೆ ಮಾತ್ರ ಗುಣಪಡಿಸುತ್ತೇನೆ ಎನ್ನುವವರು ಯಾರೇ ಆಗಿರಲಿ, ಅವರಿಂದ ದೂರವಿರಿ.

ಮುಲ್ಲರರ ಸಂಸ್ಥೆಯೂ ಒಂದೇ ಕಡೆ ನಿಂತುಬಿಡಲಿಲ್ಲ. ಇಂದು ಮಂಗಳೂರು ಧರ್ಮಪ್ರಾಂತ್ಯದ ಆಶ್ರಯದಲ್ಲಿರುವ ಅದು 1985ರಲ್ಲಿ ಹೋಮಿಯೋಪತಿ ಕಾಲೇಜನ್ನೂ, 1999ರಲ್ಲಿ ಆಧುನಿಕ ವೈದ್ಯಕೀಯ ಕಾಲೇಜನ್ನೂ ತೆರೆಯಿತು. ಅವರು ಸೂರು ಕೊಟ್ಟ ಕುಷ್ಠರೋಗಕ್ಕೂ ಈಗ ಮದ್ದಿದೆ: 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ಬಹು ಔಷಧ ಚಿಕಿತ್ಸೆ. ಆರು ತಿಂಗಳೋ ಹನ್ನೆರಡು ತಿಂಗಳೋ ನಿಯಮಿತವಾಗಿ ತೆಗೆದುಕೊಂಡರೆ ರೋಗ ವಾಸಿಯಾಗುತ್ತದೆ. ಸರಕಾರಿ ಆರೋಗ್ಯ ಕೇಂದ್ರದಲ್ಲಿ ಅದು ಉಚಿತ. ಮೈಮೇಲೆ ಸ್ಪರ್ಶಜ್ಞಾನವಿಲ್ಲದ ತಿಳಿಬಣ್ಣದ ಮಚ್ಚೆ ಕಂಡರೆ ಅಡಗಿಸಿಡದೆ ತೋರಿಸಿ. ಮುಲ್ಲರ್ ಇಂದು ಇದ್ದಿದ್ದರೆ ಆ ಮಾತ್ರೆಗಳನ್ನು ಸಂತೋಷದಿಂದ ಕೊಡುತ್ತಿದ್ದರೆಂಬುದು ನನ್ನ ನಂಬಿಕೆ.

ಕೊಳದ ಬಳಿಯ ಮನುಷ್ಯ

ಸಂತ ಯೊವಾನ್ನರ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ 38 ವರ್ಷಗಳಿಂದ ಕಾಯಿಲೆಯಲ್ಲಿದ್ದ ಒಬ್ಬನ ಕಥೆಯಿದೆ. ಜೆರುಸಲೇಮಿನ ಕೊಳದ ಬಳಿ ಅವನು ಬಿದ್ದುಕೊಂಡಿದ್ದ. ಗುಣವಾಗಲು ಇಷ್ಟವಿದೆಯೇ ಎಂದು ಯೇಸುಸ್ವಾಮಿ ಕೇಳಿದಾಗ ಅವನು ತನ್ನ ನೋವನ್ನು ಹೇಳಿಕೊಳ್ಳಲಿಲ್ಲ. ತನ್ನನ್ನು ನೀರಿಗಿಳಿಸಲು ತನಗೆ ಯಾರೂ ಇಲ್ಲವೆಂದು ಹೇಳಿಕೊಂಡ. 38 ವರ್ಷಗಳ ರೋಗಕ್ಕಿಂತ ಆ ಯಾರೂ ಇಲ್ಲವೆಂಬುದೇ ಅವನಿಗೆ ದೊಡ್ಡದಾಗಿತ್ತು.

ನಿಮ್ಮ ಮನೆಯಲ್ಲಿ ಅಂತಹ ಒಬ್ಬರಿದ್ದಾರೆಯೇ? ಹೊರನೋಟಕ್ಕೆ ಗಟ್ಟಿಯಾಗಿ ಕಾಣುವ ಸೊಸೆ ತಲೆನೋವೆಂದು ಮಲಗಿದಾಗ ಅದು ಕೆಲಸ ತಪ್ಪಿಸುವ ನಾಟಕವೆಂದು ಎಣಿಸಬೇಡಿ. ಅಗರಬತ್ತಿಯ ಹೊಗೆಗೆ ಉಸಿರುಗಟ್ಟುವ ಅಪ್ಪನಿಗೆ ಅದೆಲ್ಲ ಮನಸ್ಸಿನ ಭ್ರಮೆ ಎನ್ನಬೇಡಿ. ಪ್ರಾರ್ಥನೆ ಕಡಿಮೆಯಾದ್ದರಿಂದ ಗುಣವಾಗಲಿಲ್ಲವೆಂದು ಯಾರಿಗೂ, ಎಂದಿಗೂ ಹೇಳಬೇಡಿ. ಸಂತ ಪೌಲರೇ ತಮ್ಮ ಶರೀರದ ಮುಳ್ಳನ್ನು ತೆಗೆಯೆಂದು ಮೂರು ಸಲ ಬೇಡಿದರು, ಅದು ಹೋಗಲಿಲ್ಲ. ಅವರ ವಿಶ್ವಾಸಕ್ಕೆ ಕೊರತೆಯಿತ್ತೇ?

ಅದರ ಬದಲು ಮಾಡಬಹುದಾದದ್ದು ಬಹಳವಿದೆ. ವಾರಕ್ಕೊಂದು ಸಲ ಅರ್ಧ ಗಂಟೆ ಅವರ ಬಳಿ ಕುಳಿತು, ಸಲಹೆ ಕೊಡದೆ, ಅವರು ಹೇಳುವುದನ್ನು ಕೇಳಿ. ವೈದ್ಯರ ಬಳಿ ಹೋಗುವಾಗ ಜೊತೆಗೆ ಹೋಗಿ. ಅವರಿಗೆ ಒಗ್ಗದ್ದನ್ನು ಅಡುಗೆಮನೆಯವರೆಲ್ಲ ತಿಳಿದಿರಲಿ. ವಾಳೆಯ ಗುರ್ಕಾರರು ಮನೆ ಹಿಡಿದವರ ಹೆಸರನ್ನು ಧರ್ಮಗುರುಗಳಿಗೆ ತಿಳಿಸಲಿ. ಅವರಿಗೆ ಪರಮಪ್ರಸಾದ ಮನೆಗೇ ಬರಲಿ. ವ್ಯಾಧಿಸ್ಥರ ಅಭ್ಯಂಗ ಸಾಯುವ ಗಳಿಗೆಯವರಿಗೆ ಮಾತ್ರವಲ್ಲ, ದೀರ್ಘ ಕಾಯಿಲೆಯಿಂದ ಬಳಲುವವರಿಗೂ ಇರುವ ಸಂಸ್ಕಾರ. ಇಗರ್ಜಿಯಲ್ಲಿ ಬಾಗಿಲ ಬಳಿ, ಧೂಪ ತಲುಪದ ಕಡೆ, ಒಂದು ಬೆಂಚು ಅವರಿಗಾಗಿ ಮೀಸಲಿರಲಿ.

ಮತ್ತು ಕಾಯಿಲೆಯಲ್ಲಿರುವ ನಿಮಗೂ ಒಂದು ಮಾತು. ನಿಮ್ಮ ನೋವು ಪಾಪದ ಶಿಕ್ಷೆಯಲ್ಲ, ನೀವು ಮನೆಗೆ ಹೊರೆಯಲ್ಲ. ಬೇಕಾದದ್ದನ್ನು ಕೇಳಿ ಪಡೆಯಲು ನಾಚಬೇಡಿ. ಕೊಳದ ಬಳಿಯವನು ತನಗೆ ಯಾರೂ ಇಲ್ಲವೆಂದು ಬಾಯಿಬಿಟ್ಟು ಹೇಳಿದನಲ್ಲವೇ?

ಕಂಕನಾಡಿಯ ಆ ಸಂಸ್ಥೆಯ ಧ್ಯೇಯದಲ್ಲಿ ಎರಡು ಕೆಲಸಗಳಿವೆ: ಒಂದು ಗುಣಪಡಿಸುವುದು, ಇನ್ನೊಂದು ಸಂತೈಸುವುದು. ಮೊದಲನೆಯದು ಕಲಿತ ವೈದ್ಯರ ಕೆಲಸ. ಅದನ್ನು ಅವರಿಗೇ ಬಿಡೋಣ. ಎರಡನೆಯದಕ್ಕೆ ಪದವಿ ಬೇಡ, ಪೆಟ್ಟಿಗೆಯೂ ಬೇಡ. ಈ ಭಾನುವಾರ ಬಲಿಪೂಜೆ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ, ಬಹಳ ದಿನಗಳಿಂದ ಇಗರ್ಜಿಯಲ್ಲಿ ಕಾಣಿಸದ ಒಬ್ಬರ ಬಾಗಿಲು ತಟ್ಟಿ.