ಅಬ್ಬೆ ದುಬಾಯ್: ಸುವಾರ್ತೆಯ ಸೋಲು-ಗೆಲುವಿನ ಲೆಕ್ಕ

ಮೈಸೂರು ಸೀಮೆಯ ಸಾಮಾಜಿಕ ಚರಿತ್ರೆಯನ್ನು ಬರೆಯುವವರು ಒಂದಲ್ಲ ಒಂದು ಹಂತದಲ್ಲಿ ಅಬ್ಬೆ ದುಬಾಯ್‌ನ ಗ್ರಂಥದ ಮೊರೆಹೋಗುತ್ತಾರೆ. ಹಿಂದೂ ಆಚಾರ ವಿಚಾರಗಳನ್ನು ಕುರಿತ ಆ ಕೃತಿಯ ಪ್ರಸಿದ್ಧಿಯಿಂದಾಗಿ ಆತ ಮೂಲತಃ ಧರ್ಮಪ್ರಚಾರಕನೆಂಬ ಸಂಗತಿ ಹಿನ್ನೆಲೆಗೆ ಸರಿದಿದೆ. ಕ್ರಿಸ್ತನ ಸುವಾರ್ತೆಯನ್ನು ಅನ್ಯಧರ್ಮೀಯರಿಗೆ ಮುಟ್ಟಿಸುವ ಬಗೆ ಯಾವುದು ಎಂಬ ಪ್ರಶ್ನೆಯನ್ನು ಬದುಕಿನಲ್ಲಿಯೇ ಒರೆಗೆ ಹಚ್ಚಿ, ಕೊನೆಗೆ ಈ ನೆಲದಲ್ಲಿ ಅದು ಅಸಾಧ್ಯವೆಂದು ಸಾರಿ ಹಿಂದಿರುಗಿದವನು ಆತ. ಈ ತೀರ್ಪನ್ನು ಆತನ ಬದುಕಿನ ಪಕ್ಕದಲ್ಲಿಟ್ಟು ನೋಡಿದರೆ ಎರಡೂ ಒಂದಕ್ಕೊಂದು ಹೊಂದುವುದಿಲ್ಲ.

ಪ್ರಶ್ನೆ ದುಬಾಯ್‌ಗಿಂತ ಹಳೆಯದು. 17ನೆಯ ಶತಮಾನದಲ್ಲಿ ಮಧುರೆಯಲ್ಲಿ ದೆ ನೊಬಿಲಿ, ಶ್ರೀರಂಗಪಟ್ಟಣದಲ್ಲಿ ಚಿನ್ನಮಿ ಮೊದಲಾದ ಜೆಸ್ವಿಟ್ ಪಾದ್ರಿಗಳು ಸಂನ್ಯಾಸಿಗಳ ವೇಷ ಧರಿಸಿ, ಸಸ್ಯಾಹಾರಿಗಳಾಗಿ, ದೇಶಭಾಷೆಗಳನ್ನು ಕಲಿತು ಬೋಧಿಸಿದ್ದರು. ಕ್ರೈಸ್ತಧರ್ಮವೆಂದರೆ ಮದ್ಯಮಾಂಸಗಳ ಪರಂಗಿ ಧರ್ಮವೆಂಬ ಜನರ ಭಾವನೆಯನ್ನು ತೊಡೆಯುವುದು ಅವರ ಉದ್ದೇಶವಾಗಿತ್ತು. ಆದರೆ 1744ರಲ್ಲಿ ರೋಮ್ ಈ ಬಗೆಯ ಹೊಂದಾಣಿಕೆಗಳಲ್ಲಿ ಹಲವನ್ನು ನಿಷೇಧಿಸಿತು. 1773ರಲ್ಲಿ ಜೆಸ್ವಿಟ್ ಸಂಘವೇ ರದ್ದಾಯಿತು. ಅವರು ಬಿಟ್ಟುಹೋದ ಕ್ಷೇತ್ರದ ಹೊಣೆ ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಗೆ ಬಂದಿತು.

ಫ್ರಾನ್ಸಿನ ಆರ್ದೆಶ್ ಪ್ರಾಂತದಲ್ಲಿ ಹುಟ್ಟಿದ ಜ್ಯಾಂ ಆಂತ್ವಾನ್ ದುಬಾಯ್ ಆ ಸಂಸ್ಥೆಯ ಪಾದ್ರಿಯಾಗಿ 1792ರಲ್ಲಿ, ಮಹಾಕ್ರಾಂತಿಯ ನಡುವೆ, ಭಾರತಕ್ಕೆ ಹೊರಟ. ಮೊದಲ ವರ್ಷಗಳು ತಮಿಳು ಸೀಮೆಯಲ್ಲಿ ಕಳೆದವು. 1799ರಲ್ಲಿ ಟಿಪ್ಪು ಸುಲ್ತಾನ ಮಡಿದ ಮೇಲೆ ಮೈಸೂರು ಸೀಮೆಯ ಚದುರಿಹೋದ ಕ್ರೈಸ್ತ ಸಮುದಾಯವನ್ನು ಮತ್ತೆ ಕಟ್ಟುವ ಕೆಲಸಕ್ಕೆ ಆತನನ್ನು ಶ್ರೀರಂಗಪಟ್ಟಣಕ್ಕೆ ಕರೆಸಲಾಯಿತು. ಬಲವಂತದಿಂದ ಮತಾಂತರಗೊಂಡಿದ್ದ ಅನೇಕರನ್ನು ಆತ ಚರ್ಚಿಗೆ ಮರಳಿಸಿಕೊಂಡ. ಅಷ್ಟು ಸಾವಿರ ಕ್ರೈಸ್ತರಲ್ಲಿ ಒಬ್ಬನೂ ಸುಲ್ತಾನನ ಆಜ್ಞೆಯನ್ನು ಎದುರಿಸಿ ಹುತಾತ್ಮನಾಗಲಿಲ್ಲವೆಂಬ ಕೊರಗು ಮಾತ್ರ ಆತನನ್ನು ಕೊನೆಯವರೆಗೂ ಬಿಡಲಿಲ್ಲ. ಪ್ರಾಣಭಯದಲ್ಲಿದ್ದವರ ಬಗ್ಗೆ, ಕ್ರಾಂತಿಯ ಫ್ರಾನ್ಸನ್ನು ತೊರೆದು ಬಂದಿದ್ದ ಪಾದ್ರಿಯೊಬ್ಬ ಇಷ್ಟು ಕಠಿಣನಾದದ್ದು ವಿಚಿತ್ರವೇ ಸರಿ.

ದುಬಾಯ್ ಪೇಟ ಸುತ್ತಿ, ನಿಲುವಂಗಿ ತೊಟ್ಟು, ಇಲ್ಲಿನವರ ಊಟೋಪಚಾರದ ಕ್ರಮವನ್ನು ತನ್ನದಾಗಿಸಿಕೊಂಡ. ಜನ ಆತನನ್ನು ದೊಡ್ಡಸ್ವಾಮಿಗಳೆಂದು ಕರೆದರು. ಹಾಸನದ ಬಳಿಯ ಸಾತಹಳ್ಳಿಯಲ್ಲಿ ನಿರ್ಗತಿಕ ಕ್ರೈಸ್ತ ಕುಟುಂಬಗಳಿಗೆ ಬೇಸಾಯದ ನೆಲೆ ಕಲ್ಪಿಸಿದ. ಸಿಡುಬಿಗೆ ಲಸಿಕೆ ಹಾಕುವ ಪದ್ಧತಿಯನ್ನು ಜನರಲ್ಲಿ ಹರಡಲು ಶ್ರಮಿಸಿದ. 1803-04ರಲ್ಲಿ 25,432 ಮಂದಿಗೆ ಲಸಿಕೆ ಹಾಕಿದ ದಾಖಲೆಯಿದೆ. ಹಸುವಿನ ಸಿಡುಬಿನಿಂದ ತೆಗೆದ ದ್ರವವನ್ನು ಮೈಗೆ ಚುಚ್ಚಿಸಿಕೊಳ್ಳಲು ಒಪ್ಪುವುದೆಂದರೆ ಸಣ್ಣ ನಂಬಿಕೆಯಲ್ಲ. ಹೊಲ ಮತ್ತು ಲಸಿಕೆಗಳೆರಡರಲ್ಲೂ ಬೋಧನೆಯಿಲ್ಲ, ಆದರೆ ನೆರೆಯವನ ಮೇಲಣ ಪ್ರೀತಿಯಿದೆ.

ಅಧ್ಯಯನದ ಕಥೆ ಬೇರೆ. ಆತನ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಮೆಚ್ಚಿ ಶಿಫಾರಸು ಮಾಡಿದ. ಮದರಾಸಿನ ಗವರ್ನರ್ ಬೆಂಟಿಂಕನ ಕಾಲದಲ್ಲಿ ಕಂಪನಿ ಅದನ್ನು 2,000 ವರಾಹಗಳಿಗೆ ಕೊಂಡಿತು. ಅದರ ದೊಡ್ಡ ಭಾಗ ಜೆಸ್ವಿಟ್ ಪಾದ್ರಿ ಕೆರ್ದೂನ ಹಳೆಯ ಬರಹಗಳನ್ನು ಆಧರಿಸಿದ್ದೆಂಬುದನ್ನು ಸಿಲ್ವಿಯಾ ಮ್ಯೂರ್ 1987ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತೋರಿಸಿದ್ದಾರೆ. ಇಲ್ಲಿ ಗಮನಿಸಬೇಕಾದುದು, ಸುವಾರ್ತೆಗಾಗಿ ಗಳಿಸಿದ ತಿಳಿವಳಿಕೆ ಆಳುವವರ ಕೈಪಿಡಿಯಾದ ಬಗೆಯನ್ನು. ಜನರ ಮನೆಯೊಳಗೆ ಪ್ರವೇಶ ಪಡೆದವನು ಅಲ್ಲಿ ಕಂಡದ್ದನ್ನು ಬರೆಯುವಾಗ ಅನೇಕ ಕಡೆ ತಿರಸ್ಕಾರದ ದನಿ ತಾಳುತ್ತಾನೆ. ವೇಷ ಬದಲಾಗಿತ್ತು, ನೋಟ ಬದಲಾಗಿರಲಿಲ್ಲ.

1823ರ ಜನವರಿಯಲ್ಲಿ ದುಬಾಯ್ ಭಾರತವನ್ನು ಬಿಟ್ಟ. ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟವಾದ, ಭಾರತದ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ಪತ್ರಗಳಲ್ಲಿ ತನ್ನ ಸೋಲನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡ. 25 ವರ್ಷಗಳಲ್ಲಿ ತನ್ನಿಂದ ಕ್ರೈಸ್ತರಾದವರು ಇನ್ನೂರು ಮುನ್ನೂರು ಜನ. ಅವರಲ್ಲಿ ಹೆಚ್ಚಿನವರು ಅಸ್ಪೃಶ್ಯರು, ಭಿಕ್ಷುಕರು. ಉಳಿದವರು ಮದುವೆಗೋ ಲಾಭಕ್ಕೋ ಬಂದವರು ಎಂಬುದು ಆತನ ಲೆಕ್ಕ. ಯುರೋಪಿಯನ್ನರ ದುರ್ನಡತೆಯೇ ಬೋಧನೆಗೆ ದೊಡ್ಡ ಅಡ್ಡಿಯೆಂಬ ಮಾತನ್ನೂ ಆತ ಆಡುತ್ತಾನೆ. ಬೈಬಲನ್ನು ಅನುವಾದಿಸಿ ಹಂಚುವುದರಿಂದ ಹಾನಿಯೇ ಹೆಚ್ಚೆಂಬುದು ಇನ್ನೊಂದು ವಾದ. ತಪ್ಪಿಹೋದ ಮಗನಿಗಾಗಿ ತಂದೆ ಕೊಬ್ಬಿದ ಕರುವನ್ನು ಕೊಯ್ಯಿಸುವ ಸಾಮತಿಯಲ್ಲಿ ಕ್ರೈಸ್ತನಿಗೆ ದೇವರ ಪ್ರೀತಿ ಕಂಡರೆ, ಇಲ್ಲಿನ ಓದುಗನಿಗೆ ಗೋಹತ್ಯೆ ಕಾಣುತ್ತದೆ. ಅನುವಾದದ ಸಮಸ್ಯೆಯನ್ನು ಭಾಷೆಯಿಂದ ಸಂಸ್ಕೃತಿಗೆ ಎಳೆದು ತಂದ ಈ ಒಳನೋಟ ಇಂದಿಗೂ ಬೆಲೆಯುಳ್ಳದ್ದು. ಹೌ, ಟೌನ್ಲಿ ಎಂಬ ಪ್ರಾಟೆಸ್ಟಂಟ್ ಬೋಧಕರು 1824ರಲ್ಲಿ ಆತನಿಗೆ ಉತ್ತರ ಬರೆದರು. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮಾತ್ರ ಕನ್ನಡ ಅನುವಾದವನ್ನು ನಿಲ್ಲಿಸಲಿಲ್ಲ. 1831ರ ಹೊತ್ತಿಗೆ ಕನ್ನಡದಲ್ಲಿ ಇಡೀ ಬೈಬಲ್ ದೊರೆಯಿತು.

ದುಬಾಯ್‌ನ ಲೆಕ್ಕದಲ್ಲಿಯೇ ಒಂದು ಒಡಕಿದೆ. ಬ್ರಾಹ್ಮಣನೊಬ್ಬ ಒಪ್ಪಿದ್ದರೆ ಗೆಲುವು, ಅಸ್ಪೃಶ್ಯನೊಬ್ಬ ಬಂದರೆ ಅದು ಸೋಲಿಗೆ ಸಾಕ್ಷಿ. ಬಡವರಿಗೇ ಸುವಾರ್ತೆಯೆಂದು ಸಾರುವ ಧರ್ಮದ ಪಾದ್ರಿ, ತನ್ನ ಬಳಿಗೆ ಬಂದ ಬಡವರನ್ನು ಎಣಿಕೆಗೆ ಯೋಗ್ಯರೆಂದು ಭಾವಿಸಲಿಲ್ಲ. ಅನ್ನಕ್ಕಾಗಿ, ಆಸರೆಗಾಗಿ ಬಂದವನ ನಂಬಿಕೆ ಕೃತಕವೆಂಬುದು ಹೊಟ್ಟೆ ತುಂಬಿದವರ ತರ್ಕ. ಜಾತಿಶ್ರೇಣಿಯನ್ನು ದೂರದಿಂದ ಟೀಕಿಸಿದವನೇ ಮತಾಂತರದ ಮೌಲ್ಯವನ್ನು ಅಳೆಯಲು ಅದೇ ಶ್ರೇಣಿಯನ್ನು ಬಳಸಿದ. ಸಾತಹಳ್ಳಿಯ ಹೊಲಗಳು ಆ ಪತ್ರಗಳ ವಾದದೊಳಗೆ ಬರುವುದೇ ಇಲ್ಲ.

ಪ್ಯಾರಿಸ್ಸಿನಲ್ಲಿ ಆತ ತನ್ನ ದೊಡ್ಡ ಗ್ರಂಥದ ಫ್ರೆಂಚ್ ಆವೃತ್ತಿಯನ್ನು 1825ರಲ್ಲಿಯೂ, ಮರುವರ್ಷ ತಮಿಳು, ತೆಲುಗು, ಕನ್ನಡ ಪಾಠಗಳನ್ನು ಆಧರಿಸಿದ ಪಂಚತಂತ್ರದ ಅನುವಾದವನ್ನೂ ಹೊರತಂದ. ತನ್ನ ಕಥೆಗಳು ಇಲ್ಲಿ ಸಲ್ಲುವುದಿಲ್ಲವೆಂದವನು ಇಲ್ಲಿನ ಕಥೆಗಳನ್ನು ಅಲ್ಲಿ ಸಲ್ಲಿಸಿದ. ಮುಂದೆ ವಿದೇಶಿ ಮಿಷನ್ ಸಂಸ್ಥೆಯ ಮುಖ್ಯಸ್ಥನಾಗಿ, ಅಸಾಧ್ಯವೆಂದು ತಾನೇ ಸಾರಿದ ಕೆಲಸಕ್ಕೆ ಹೊಸಬರನ್ನು ಕಳುಹಿಸುವ ಸ್ಥಾನದಲ್ಲಿ ಕುಳಿತ. 1843ರಲ್ಲಿ ಮೈಸೂರು ನಗರದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕ್ರೈಸ್ತರಿಗೆ ಚರ್ಚನ್ನು ಕಟ್ಟಿಸಿಕೊಟ್ಟರು. ಇಂದಿನ ಸಂತ ಫಿಲೋಮಿನಾ ಚರ್ಚು ನಿಂತಿರುವುದು ಆ ಜಾಗದಲ್ಲಿಯೇ. ದುಬಾಯ್ 1848ರ ಫೆಬ್ರವರಿ 17ರಂದು ಪ್ಯಾರಿಸ್ಸಿನಲ್ಲಿ ತೀರಿಕೊಂಡ. ಎರಡು ವರ್ಷಗಳ ಬಳಿಕ, 1850ರಲ್ಲಿ, ಮೈಸೂರು ಸೀಮೆ ಪ್ರತ್ಯೇಕ ಅಪೊಸ್ತಲಿಕ ವಿಕಾರಿಯೇಟ್ ಆಯಿತು. ದೊಡ್ಡಸ್ವಾಮಿಗಳು ಸೋಲೆಂದು ಬರೆದಿಟ್ಟವರ ಮಕ್ಕಳು ಮೊಮ್ಮಕ್ಕಳೂ ಅದರ ಜನರಲ್ಲಿ ಸೇರಿದ್ದರು.