ಕಲ್ಯಾಣವನ್ನು ಹೊಗಳಿದ ಕಾಶ್ಮೀರಿ

ಕಳೆದ ರಾಜ್ಯೋತ್ಸವಕ್ಕೆ ನಮ್ಮ ಕನ್ನಡ ಸಂಘದ ಸೀನಿಯರ್‌ಗಳು ಒಂದು ಕೆಲಸ ಕೊಟ್ಟಿದ್ದರು. ಒಂದೊಂದು ಜಿಲ್ಲೆಯವರು ತಮ್ಮ ಊರಿನ ಬಗ್ಗೆ ಒಂದು ಪೋಸ್ಟರ್ ಮಾಡಬೇಕು, ಓದಿದವರಿಗೆ ಆ ಊರಿಗೆ ಹೋಗ್ಬೇಕು ಅನ್ನಿಸಬೇಕು. ಮೈಸೂರಿನವರು ಹತ್ತು ನಿಮಿಷದಲ್ಲಿ ಮುಗಿಸಿ ಕ್ಯಾಂಟೀನಿಗೆ ಹೋದರು. ಮಂಗಳೂರಿನವರು ಸಮುದ್ರದ ಫೋಟೋ ಅಂಟಿಸಿ ಕೈ ತೊಳೆದುಕೊಂಡರು. ಬೀದರ್ ಜಿಲ್ಲೆಯಿಂದ ಬಂದ ನಾವು ನಾಲ್ಕು ಜನ ರಾತ್ರಿ ಹನ್ನೊಂದರ ತನಕ ಖಾಲಿ ಚಾರ್ಟ್ ಮುಂದೆ ಕೂತಿದ್ದೆವು.

ನಮ್ಮಲ್ಲಿ ಒಬ್ಬನ ಊರು ಹುಡಗಿ. ಹುಮನಾಬಾದ್ ತಾಲ್ಲೂಕಿನಲ್ಲಿದೆ. ಊರಿನ ಹೆಸರು ಹೇಳಿದ ತಕ್ಷಣ ಕ್ಲಾಸಿನಲ್ಲಿ ನಗು ಶುರುವಾಗುತ್ತೆ ಅಂತ ಅವನು ಮೊದಲ ಸೆಮಿಸ್ಟರಿನಿಂದಲೇ ಹುಮನಾಬಾದ್ ಅನ್ನುತ್ತಾನೆ. ಹುಮನಾಬಾದಿನವನು ಬೀದರ್ ಅನ್ನುತ್ತಾನೆ. ಬಸವಕಲ್ಯಾಣದವನು ಹೈದರಾಬಾದ್ ಹತ್ತಿರ ಅಂದುಬಿಡುತ್ತಾನೆ. ಹೀಗೆ ಎಲ್ಲರೂ ನಮ್ಮ ಊರು ಬಿಟ್ಟು ಮುಂದಿನ ಸ್ಟಾಪಿನಲ್ಲೇ ಇಳಿಯೋರು. ನಮ್ಮ ಭಾಗವನ್ನು ಯಾರಾದರೂ ಯಾವಾಗಲಾದರೂ ಬಾಯಿತುಂಬಾ ಹೊಗಳಿದ್ದಾರಾ ಅಂತ ಅವತ್ತು ಹುಡುಕಿದೆವು. ಸಿಕ್ಕಿದವನು ಬಿಲ್ಹಣ.

ಹೈಸ್ಕೂಲಿನಲ್ಲಿ ಈ ಹೆಸರು ನಮಗೆ ಒಂದು ಮಾರ್ಕಿನ ಪ್ರಶ್ನೆ. ವಿಕ್ರಮಾಂಕದೇವಚರಿತ ಬರೆದವರು ಯಾರು? ಬಿಲ್ಹಣ. ಮುಗೀತು. ಅವನು ಕನ್ನಡದವನಲ್ಲ, ಕರ್ನಾಟಕದವನೂ ಅಲ್ಲ, ಕಾಶ್ಮೀರದಿಂದ ನಡೆದು ಬಂದವನು ಅನ್ನೋದು ಯಾರಿಗೆ ನೆನಪಿತ್ತು!

ಅವನು ಹುಟ್ಟಿದ್ದು 11ನೇ ಶತಮಾನದಲ್ಲಿ, ಈಗಿನ ಶ್ರೀನಗರದ ಹತ್ತಿರ ಖೋನಮುಖ ಎಂಬ ಊರಿನಲ್ಲಿ. ಈಗ ಅದನ್ನು ಖೋನಮೋಹ್ ಅಂತಾರೆ. ಕೇಸರಿ ಬೆಳೆಯುವ ಪಾಂಪೋರ್ ಕಡೆಯ ನೆಲ. ತಂದೆ ಜ್ಯೇಷ್ಠಕಲಶ, ತಾಯಿ ನಾಗಾದೇವಿ. ತಂದೆ, ಅಜ್ಜ, ಮುತ್ತಜ್ಜ ಎಲ್ಲರೂ ಓದಿದವರು. ಇಷ್ಟರಾಮ, ಆನಂದ ಅಂತ ಇಬ್ಬರು ಸಹೋದರರು, ಅವರೂ ಕವಿಗಳೇ. ನಮ್ಮ ಲೆಕ್ಕದಲ್ಲಿ ಹೇಳಬೇಕಂದರೆ ಮನೆ ಮಂದಿಯೆಲ್ಲ ಒಂದೇ ಬ್ರಾಂಚ್. ಇಂಥ ಮನೆಯ ಹುಡುಗ ವೇದ, ವ್ಯಾಕರಣ, ಕಾವ್ಯಶಾಸ್ತ್ರ ಎಲ್ಲ ಮುಗಿಸಿಕೊಂಡು, 1060ರ ದಶಕದಲ್ಲಿ, ಕಲಶ ಎಂಬ ರಾಜನ ಕಾಲಕ್ಕೆ ಊರು ಬಿಟ್ಟ. ಓದು ಮುಗಿದ ಮೇಲೆ ಊರಲ್ಲಿ ಇರೋದು ಕಷ್ಟ ಅನ್ನೋದು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬೀದರಿನಿಂದ ಹೊರಡುವ ರಾತ್ರಿ ಬಸ್ಸುಗಳಲ್ಲಿ ಇರೋರೆಲ್ಲ ನಾವೇ.

ಅವನು ಹೋದ ದಾರಿಯನ್ನು ಮ್ಯಾಪಿನಲ್ಲಿ ಗುರುತು ಮಾಡಿ ನೋಡಿದೆವು. ಮಥುರೆ, ವೃಂದಾವನ, ಕನೌಜ್, ಪ್ರಯಾಗ, ಕಾಶಿ. ಅಲ್ಲಿಂದ ಡಾಹಲ ದೇಶದ ಕಲಚೂರಿ ರಾಜ ಕರ್ಣನ ಆಸ್ಥಾನ. ಅಲ್ಲಿ ಸ್ವಲ್ಪ ಕಾಲ ನಿಂತು ಗಂಗಾಧರ ಎಂಬ ಕವಿಯನ್ನು ವಾದದಲ್ಲಿ ಸೋಲಿಸಿದೆ ಅಂತ ತಾನೇ ಬರೆದುಕೊಂಡಿದ್ದಾನೆ. ಧಾರಾನಗರದ ಭೋಜರಾಜನನ್ನು ನೋಡುವ ಅದೃಷ್ಟ ಇರಲಿಲ್ಲ. ಆಮೇಲೆ ಗುಜರಾತ್. ಅಲ್ಲಿನ ಜನ ಅವನಿಗೆ ಸ್ವಲ್ಪವೂ ಹಿಡಿಸಲಿಲ್ಲ. ಅವರ ಉಡುಪು, ಮಾತು, ಶುಚಿತ್ವ ಎಲ್ಲದಕ್ಕೂ ಬೈದು ಬರೆದ. ಒಂದು ಸ್ಟಾರ್ ರಿವ್ಯೂ! (ಗುಜರಾತಿನ ಗೆಳೆಯರು ಕ್ಷಮಿಸಬೇಕು, ಬೈದದ್ದು ಒಂಬೈನೂರು ವರ್ಷದ ಹಿಂದೆ, ಬೈದವನು ಕಾಶ್ಮೀರಿ.) ಸೋಮನಾಥನ ದರ್ಶನ ಮಾಡಿ, ಹಡಗು ಹತ್ತಿ ನಮ್ಮ ಕರಾವಳಿಯ ಗೋಕರ್ಣದ ಕಡೆ ಇಳಿದು, ರಾಮೇಶ್ವರದ ದಿಕ್ಕಿಗೆ ತಿರುಗಾಡಿ, ಕೊನೆಗೆ ಬಂದು ಮುಟ್ಟಿದ್ದು ಕಲ್ಯಾಣ. ಈಗಿನ ಬಸವಕಲ್ಯಾಣ.

ಆಗ ಕಲ್ಯಾಣ ಅಂದರೆ ಏನು ಅಂತ ಸ್ವಲ್ಪ ಹೇಳಬೇಕು. ಚಾಲುಕ್ಯರ ಒಂದನೇ ಸೋಮೇಶ್ವರ, ಅವನಿಗೇ ಆಹವಮಲ್ಲ ಅಂತಲೂ ಹೆಸರು, ಈ ಊರನ್ನು ರಾಜಧಾನಿ ಮಾಡಿ ಬೆಳೆಸಿದ. ಅವನ ಮಗ ಆರನೇ ವಿಕ್ರಮಾದಿತ್ಯ 1076ರಲ್ಲಿ ಸಿಂಹಾಸನ ಏರಿದ, 1126ರವರೆಗೆ, ಅಂದರೆ ಐವತ್ತು ವರ್ಷ ಆಳಿದ. ಶಕವರ್ಷ ಸಾಕು ಅಂತ ಬಿಟ್ಟು ತನ್ನ ಹೆಸರಿನಲ್ಲೇ ಹೊಸ ವರ್ಷದ ಎಣಿಕೆ ಶುರು ಮಾಡಿದ. ಬ್ರ್ಯಾಂಡಿಂಗ್ ಅಂದರೆ ಇದು. ಇಂಥ ರಾಜನಿಗೆ ಒಳ್ಳೆ ಬರಹಗಾರ ಬೇಕಿತ್ತು, ಊರೂರು ಅಲೆದ ಬರಹಗಾರನಿಗೆ ಇಂಥ ರಾಜ ಬೇಕಿತ್ತು. ಬಿಲ್ಹಣನಿಗೆ ವಿದ್ಯಾಪತಿ ಅಂತ ಪದವಿ ಸಿಕ್ಕಿತು, ಜೊತೆಗೆ ನೀಲಿ ಬಣ್ಣದ ಛತ್ರಿ, ಆನೆ. ಪ್ಯಾಕೇಜ್ ಚೆನ್ನಾಗಿತ್ತು.

ಅದಕ್ಕೆ ಪ್ರತಿಯಾಗಿ ಬರೆದದ್ದೇ ವಿಕ್ರಮಾಂಕದೇವಚರಿತ. ಸಂಸ್ಕೃತದಲ್ಲಿ 18 ಸರ್ಗಗಳು. ಶುರುವಿನಲ್ಲೇ ಅವನು ರಾಜರಿಗೆಲ್ಲ ಒಂದು ಮಾತು ಹೇಳಿಟ್ಟಿದ್ದಾನೆ. ರಾಮನಿಗೆ ಒಳ್ಳೆ ಹೆಸರು, ರಾವಣನಿಗೆ ಕೆಟ್ಟ ಹೆಸರು, ಎರಡೂ ವಾಲ್ಮೀಕಿಯ ಕೈವಾಡ, ಆದ್ದರಿಂದ ಕವಿಗಳನ್ನು ಸಿಟ್ಟಿಗೆಬ್ಬಿಸಬೇಡಿ ಅನ್ನೋ ಅರ್ಥದ್ದು. ಓದಿ ನಾವು ನಕ್ಕೆವು. ಜಾಹೀರಾತು ಕಂಪನಿಯವರು ಮೊದಲ ಮೀಟಿಂಗಿನಲ್ಲಿ ಹೇಳುವುದೂ ಇದನ್ನೇ ಅಲ್ಲವಾ?

ಎರಡನೇ ಸರ್ಗದಲ್ಲಿ ಕಲ್ಯಾಣದ ವರ್ಣನೆ ಬರುತ್ತೆ. ಭೂಮಿಯ ಮೇಲೆ ಇದಕ್ಕಿಂತ ದೊಡ್ಡ ಊರಿಲ್ಲ ಎಂಬ ಧಾಟಿ. ಚಂದದ ಹೆಂಗಸರು, ಎತ್ತರದ ಮನೆಗಳು, ಚಂದ್ರನಿಗೇ ನಾಚಿಕೆ ತರುವ ಬೆಳಕು. ಇದನ್ನು ಅನುವಾದದಲ್ಲಿ ಓದುತ್ತಾ ಬಸವಕಲ್ಯಾಣದವನಿಗೆ ಮೊದಲು ಖುಷಿಯಾಯ್ತು, ಆಮೇಲೆ ಯಾಕೋ ಸುಮ್ಮನಾದ. ಯಾಕೆ ಅಂತ ಕೇಳಿದೆವು. ಇದರಲ್ಲಿ ನಮ್ಮೂರು ಕಾಣಂಗಿಲ್ಲ ಅಂದ. ಊರಿನ ಹೆಸರು ತೆಗೆದು ಧಾರಾ ಅಂತಲೋ ಉಜ್ಜಯಿನಿ ಅಂತಲೋ ಹಾಕಿದರೂ ನಡೆಯುತ್ತೆ, ಇಲ್ಲಿಯ ಕರಿಮಣ್ಣು ಎಲ್ಲಿ, ಜಂಬಿಟ್ಟಿಗೆ ಕಲ್ಲು ಎಲ್ಲಿ, ಬಿಸಿಲು ಎಲ್ಲಿ? ಅವನು ಹೇಳಿದ್ದು ಸರಿ ಅನ್ನಿಸಿತು. ಹಳೆಯ ಕಾವ್ಯಗಳಲ್ಲಿ ನಗರವರ್ಣನೆ ಒಂದು ಕಡ್ಡಾಯ ಭಾಗ, ಲ್ಯಾಬ್ ರೆಕಾರ್ಡಿನಲ್ಲಿ ಏಮ್ ಮತ್ತು ಅಪರೇಟಸ್ ಬರೆದ ಹಾಗೆ. ಅಲ್ಲದೆ ಬರೆದದ್ದು ಸಂಸ್ಕೃತದಲ್ಲಿ. ನೀರು ಹೊರುವವರು, ನೇಯುವವರು, ಚಪ್ಪಲಿ ಹೊಲಿಯುವವರು ಓದಲಿ ಅಂತ ಬರೆದದ್ದಲ್ಲ. ಬೇರೆ ರಾಜರ ಆಸ್ಥಾನದ ಪಂಡಿತರು ಓದಿ ಹೊಟ್ಟೆ ಉರಿದುಕೊಳ್ಳಲಿ ಅಂತ ಬರೆದದ್ದು.

ಹಾಗಾದರೆ ಬಿಲ್ಹಣನಿಗೆ ಊರನ್ನು ಕಣ್ಣಿಗೆ ಕಟ್ಟುವ ಹಾಗೆ ಬರೆಯಲು ಬರುತ್ತಿರಲಿಲ್ಲವಾ? ಬರುತ್ತಿತ್ತು. 18ನೇ ಸರ್ಗ ನೋಡಿ. ಅಲ್ಲಿ ಅವನು ರಾಜನನ್ನು ಪಕ್ಕಕ್ಕಿಟ್ಟು ತನ್ನ ಕಥೆ ಹೇಳುತ್ತಾನೆ. ಕಾಶ್ಮೀರದ ರಾಜಧಾನಿ, ಅಲ್ಲಿಯ ನದಿ, ಖೋನಮುಖದ ಒಂದು ಕಡೆ ಕೇಸರಿ ಇನ್ನೊಂದು ಕಡೆ ದ್ರಾಕ್ಷಿ, ಹೆಂಗಸರು ಸಹ ಸಂಸ್ಕೃತ ಪ್ರಾಕೃತಗಳನ್ನು ತಾಯಿಮಾತಿನ ಹಾಗೆ ಆಡುವುದು. ಕವಿತೆ ಮತ್ತು ಕೇಸರಿ ಎರಡೂ ಒಡಹುಟ್ಟಿದವು, ಶಾರದೆಯ ನಾಡು ಬಿಟ್ಟರೆ ಬೇರೆಲ್ಲೂ ಮೊಳೆಯುವುದಿಲ್ಲ ಅಂತ ಮೊದಲ ಸರ್ಗದಲ್ಲೇ ಹೇಳಿಬಿಟ್ಟಿದ್ದಾನೆ! ಕಲ್ಯಾಣದ ಅನ್ನ ತಿನ್ನುತ್ತಾ, ಕಲ್ಯಾಣದ ರಾಜನ ಪುಸ್ತಕದಲ್ಲಿ, ಅತ್ಯಂತ ಪ್ರೀತಿಯಿಂದ ಬರೆದದ್ದು ಬಿಟ್ಟು ಬಂದ ಊರಿನ ಬಗ್ಗೆ. ನಮಗೆ ಇದಕ್ಕೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹಾಸ್ಟೆಲಿನಲ್ಲಿ ಮೂರು ಹೊತ್ತು ಅನ್ನ ತಿಂದು ಮನೆಯ ಜೋಳದ ರೊಟ್ಟಿ ನೆನೆಯೋರು ನಾವೇ ತಾನೆ.

ಹೊಗಳುವ ಕೆಲಸದಲ್ಲಿ ಅವನು ಸುಳ್ಳೂ ಹೇಳಿದ್ದಾನಾ? ವಿಕ್ರಮಾದಿತ್ಯ ಪಟ್ಟಕ್ಕೆ ಬಂದದ್ದು ತನ್ನ ಅಣ್ಣ ಎರಡನೇ ಸೋಮೇಶ್ವರನನ್ನು ಯುದ್ಧದಲ್ಲಿ ಸೋಲಿಸಿ. ಅದನ್ನು ಹಾಗೇ ಬರೆಯೋಕಾಗುತ್ತಾ? ಬಿಲ್ಹಣನ ಪ್ರಕಾರ ಅಪ್ಪನೇ ಕಿರಿಯ ಮಗನಿಗೆ ಯುವರಾಜ ಪಟ್ಟ ಕೊಡಲು ಬಂದಿದ್ದ, ಅಣ್ಣನಿರುವಾಗ ಬೇಡ ಅಂತ ಇವನೇ ಬಿಟ್ಟುಕೊಟ್ಟ, ಅಣ್ಣ ಕೆಟ್ಟವನಾದ, ಕೊನೆಗೆ ಶಿವನೇ ಯುದ್ಧ ಮಾಡು ಅಂತ ಆಜ್ಞೆ ಮಾಡಿದ. ಪಿಆರ್ ಟೀಮ್ ಎಷ್ಟು ಹಳೆಯದು ನೋಡಿ. ಆದರೆ ಎಲ್ಲವನ್ನೂ ತಳ್ಳಿಹಾಕುವ ಹಾಗೂ ಇಲ್ಲ. ಆಹವಮಲ್ಲ ವಾಸಿಯಾಗದ ಜ್ವರ ಬಂದು ತುಂಗಭದ್ರೆಯಲ್ಲಿ ಮುಳುಗಿ ಪ್ರಾಣ ಬಿಟ್ಟ ಅಂತ ಬಿಲ್ಹಣ ಬರೆದಿದ್ದಾನೆ. 1068ರಲ್ಲಿ ಅವನು ಕುರುವತ್ತಿಯಲ್ಲಿ ಹೊಳೆಗಿಳಿದು ಜಲಸಮಾಧಿಯಾದ ವಿಷಯ ಶಾಸನಗಳಿಂದಲೂ ಗೊತ್ತಾಗುತ್ತೆ.

ಕಲ್ಯಾಣವನ್ನು ಹೊಗಳಿದವನು ಅವನೊಬ್ಬನೇ ಅಲ್ಲ. ಅದೇ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರ, ಮಿತಾಕ್ಷರ ಎಂಬ ಕಾನೂನು ಗ್ರಂಥ ಬರೆದವನು, ಪುಸ್ತಕದ ಕೊನೆಗೆ ಕಲ್ಯಾಣದಂಥ ಊರು, ವಿಕ್ರಮನಂಥ ರಾಜ, ತನ್ನಂಥ ಪಂಡಿತ ಈ ಲೋಕದಲ್ಲಿ ಇಲ್ಲ ಅನ್ನೋ ಅರ್ಥದಲ್ಲಿ ಬರೆದಿದ್ದಾನೆ. ಮೂರನೆಯದನ್ನು ಓದಿ ನಮಗೆ ನಗು ತಡೆಯಲಿಲ್ಲ. ಆದರೆ ಆ ಪುಸ್ತಕದ ಮೇಲೆ ಬ್ರಿಟಿಷರ ಕಾಲದ ಕೋರ್ಟುಗಳೂ ಹಿಂದೂ ಕುಟುಂಬಗಳ ಆಸ್ತಿ ಪಾಲು ಮಾಡಿದವು, ಹಾಗಾಗಿ ಅವನಿಗೆ ಆ ಮಾತು ಒಪ್ಪುತ್ತೆ.

ಮತ್ತೆ ಬಿಲ್ಹಣನಿಗೆ ಬರೋಣ. ಆನೆ ಇದೆ, ಛತ್ರಿ ಇದೆ, ರಾಜನ ಮುಂದೆ ಮೆರವಣಿಗೆಯಲ್ಲಿ ಹೋಗುವ ಮಾನ ಇದೆ. ಅಷ್ಟರಲ್ಲಿ ಕಾಶ್ಮೀರದಿಂದ ಸುದ್ದಿ ಬಂತು. ಕಲಶನ ಮಗ ಹರ್ಷನಿಗೆ ಕವಿಗಳೆಂದರೆ ಪ್ರಾಣ, ಕೈ ತುಂಬಾ ಕೊಡುತ್ತಾನಂತೆ. ಇದನ್ನು ಕೇಳಿದ ಬಿಲ್ಹಣನಿಗೆ ಕಲ್ಯಾಣದ ತನ್ನ ವೈಭವವೆಲ್ಲ ಬರೀ ಮೋಸ ಅನ್ನಿಸಿತಂತೆ. ಹೀಗೆ ಬರೆದವನು ಇನ್ನೊಬ್ಬ ಕಾಶ್ಮೀರಿ, ಕಲ್ಹಣ. ಅವನ ರಾಜತರಂಗಿಣಿ 1148-49ರ ಹೊತ್ತಿನದು. ನಮ್ಮ ಕಲ್ಯಾಣ ಮೋಸ ಅನ್ನಿಸಿಕೊಂಡಿತಲ್ಲ ಅಂತ ಬಸವಕಲ್ಯಾಣದವನು ಮುಖ ಸಣ್ಣ ಮಾಡಿದ. ಹುಡಗಿಯವನು ಮಾತ್ರ ಬಿಲ್ಹಣನ ಪರ ನಿಂತ. ಬೆಂಗಳೂರಿನಲ್ಲಿ ಒಳ್ಳೆ ಕೆಲಸದಲ್ಲಿರುವಾಗ ಹುಮನಾಬಾದಿನಲ್ಲೇ ದೊಡ್ಡ ಐಟಿ ಪಾರ್ಕ್ ಬಂದಿದೆ ಅಂತ ಯಾರೋ ಹೇಳಿದರೆ ನಿನಗೆ ಏನನ್ನಿಸುತ್ತೆ ಅಂತ ಕೇಳಿದ. ಯಾರೂ ಉತ್ತರ ಕೊಡಲಿಲ್ಲ.

ಜೈಲಿನಲ್ಲಿ ಕೂತು ರಾಜಕುಮಾರಿಯ ನೆನಪಿನಲ್ಲಿ ಐವತ್ತು ಪದ್ಯ ಬರೆದ ಎಂಬ ಕಥೆಯೂ ಬಿಲ್ಹಣನ ಹೆಸರಿಗೆ ಅಂಟಿಕೊಂಡಿದೆ. ಸಿನಿಮಾಕ್ಕೆ ಚೆನ್ನಾಗಿದೆ, ಇತಿಹಾಸ ಅಂತ ನಂಬೋದು ಬೇಡ.

ಅವನ ಪುಸ್ತಕದ ಗತಿ ಏನಾಯ್ತು ಅನ್ನೋದು ನಮ್ಮನ್ನು ಹೆಚ್ಚು ಕಾಡಿತು. ಕಲ್ಯಾಣದ ಬಗ್ಗೆ ಜಗತ್ತಿಗೆ ಹೇಳಲು ಬರೆದ ಪುಸ್ತಕ ಕೊನೆಗೆ ಸಿಕ್ಕಿದ್ದು ರಾಜಸ್ಥಾನದ ಜೈಸಲ್ಮೇರಿನಲ್ಲಿ, ಜೈನರ ಗ್ರಂಥಭಂಡಾರದಲ್ಲಿ. 1874ರಲ್ಲಿ ಜರ್ಮನ್ ವಿದ್ವಾಂಸ ಗೇಯಾರ್ಗ್ ಬ್ಯೂಲರ್ ಅಲ್ಲಿಗೆ ಹೋದಾಗ ತಾಳೆಗರಿಯ ಪ್ರತಿ ಕಣ್ಣಿಗೆ ಬಿತ್ತು. ಜೊತೆಗಿದ್ದವನು ಹರ್ಮನ್ ಯಾಕೋಬಿ, ಇನ್ನೂ 24 ದಾಟದ ಹುಡುಗ. ಇಬ್ಬರೂ ಕೂತು ಸುಮಾರು ಒಂದು ವಾರದಲ್ಲಿ ಕೈಯಲ್ಲೇ ನಕಲು ಮಾಡಿಕೊಂಡರು, 1875ರಲ್ಲಿ ಅಚ್ಚಾಯಿತು. ಇಂಟರ್ನಲ್ಸ್ ಹಿಂದಿನ ರಾತ್ರಿ ನೋಟ್ಸ್ ಕಾಪಿ ಮಾಡುವ ನಮಗೆ ಈ ಯಾಕೋಬಿ ಮೇಲೆ ವಿಶೇಷ ಅಭಿಮಾನ ಹುಟ್ಟಿತು.

ಕಲ್ಯಾಣದಲ್ಲಿ ಮಾತ್ರ ಯಾರಿಗೂ ಬಿಲ್ಹಣ ನೆನಪಿಲ್ಲ. ದಸರಾ ರಜೆಯಲ್ಲಿ ಊರಿಗೆ ಹೋಗಿದ್ದಾಗ ಬಸ್‌ಸ್ಟ್ಯಾಂಡಿನಲ್ಲಿ, ಚಹಾದಂಗಡಿಯಲ್ಲಿ, ಕೋಟೆಯ ಹತ್ತಿರ ಕೇಳಿದ್ದೆವು. ವಿಕ್ರಮಾದಿತ್ಯ ಅಂದರೆ ಬೇತಾಳದ ಕಥೆಯವನಾ ಅಂದರು ಒಬ್ಬರು. ಆದರೆ ಬಸವಣ್ಣನ ಹೆಸರು ಎತ್ತಿದರೆ ಸಾಕು, ಕೆಲಸ ಬಿಟ್ಟು ಎದ್ದು ಬಂದು ದಾರಿ ತೋರಿಸಿದರು. ಅಲ್ಲಿ ಹರಳಯ್ಯನ ಗವಿ, ಇಲ್ಲಿ ತ್ರಿಪುರಾಂತ ಕೆರೆ, ಆಚೆ 108 ಅಡಿ ಮೂರ್ತಿ. ಬಿಲ್ಹಣ ಬರೆದ ಎಪ್ಪತ್ತು ಎಂಬತ್ತು ವರ್ಷಗಳಲ್ಲೇ ಅದೇ ಊರಿನಲ್ಲಿ ಚಮ್ಮಾರ ಹರಳಯ್ಯ, ಅಗಸರ ಮಾಚಯ್ಯ, ಅಂಬಿಗರ ಚೌಡಯ್ಯ ಇದ್ದರು, ವಚನಗಳು ಕನ್ನಡದಲ್ಲಿ ಹುಟ್ಟಿದವು. ಬಿಲ್ಹಣನ ಕಲ್ಯಾಣದಲ್ಲಿ ಕಾಣದ ಜನ ಅವರು. ಊರಿನವರು ಎಂಟುನೂರು ವರ್ಷದಿಂದ ಅವರದ್ದನ್ನೇ ಹೇಳಿಕೊಂಡು ಬಂದಿದ್ದಾರೆ. 2019ರಲ್ಲಿ ಸರ್ಕಾರ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕ ಅಂತ ಹೆಸರು ಬದಲಿಸಿದಾಗ ನಮ್ಮ ಮನೆಗಳಲ್ಲಿ ನೆನೆದದ್ದೂ ಬಸವಣ್ಣನ ಕಲ್ಯಾಣವನ್ನೇ, ವಿಕ್ರಮಾದಿತ್ಯನದ್ದಲ್ಲ. ಹೆಸರು ಬಂತು, ಬಸ್ಸು ಯಾವಾಗ ಬರುತ್ತೆ ಅಂತ ಕೇಳಿದ ಅಜ್ಜಂದಿರೂ ಇದ್ದರು.

ಬಸವಕಲ್ಯಾಣದಲ್ಲಿ ಬಂದವರ ಓಣಿ ಅಂತ ಒಂದು ಜಾಗ ಇದೆ. ದೂರದೂರದಿಂದ ಕಲ್ಯಾಣಕ್ಕೆ ಬಂದ ಶರಣರಿಗೆ ಸಂಬಂಧಪಟ್ಟದ್ದು. ಬಿಲ್ಹಣನ ಕಾಲಕ್ಕೆ ಅದು ಇರಲಿಲ್ಲ ಅಂತ ಗೊತ್ತಿದ್ದರೂ, ಕಾಶ್ಮೀರದಿಂದ ಇಷ್ಟು ದೂರ ಬಂದವನಿಗೂ ಅಲ್ಲೊಂದು ಮೂಲೆ ಇರಲಿ ಅನ್ನಿಸಿತು.

ಕೊನೆಗೆ ಪೋಸ್ಟರ್ ಏನಾಯ್ತು ಅಂತೀರಾ? ಅದೇ ರಜೆಯಲ್ಲಿ ಜಲಸಂಗಿಗೂ ಹೋಗಿ ಬಂದಿದ್ದೆವು, ಎರಡು ಬೈಕಿನಲ್ಲಿ ನಾಲ್ಕು ಜನ. ಹುಡಗಿ ಇರುವ ಹುಮನಾಬಾದ್ ತಾಲ್ಲೂಕಿನದೇ ಊರು. ಅಲ್ಲಿಯ ಚಾಲುಕ್ಯರ ಕಾಲದ ಗುಡಿಯ ಗೋಡೆಯ ಮೇಲೆ ಒಬ್ಬ ಶಿಲಾಬಾಲಿಕೆ ನಮಗೆ ಮುಖ ತಿರುಗಿಸಿ ನಿಂತು ಶಾಸನ ಬರೆಯುತ್ತಿದ್ದಾಳೆ. ಅವಳು ಬರೆಯುತ್ತಿರುವುದೂ ವಿಕ್ರಮಾದಿತ್ಯನ ಹೊಗಳಿಕೆಯೇ, ಏಳು ದ್ವೀಪಗಳ ಭೂಮಿಯೆಲ್ಲ ಅವನದು ಅಂತ. ಫೋನಿನಲ್ಲಿದ್ದ ಅವಳ ಫೋಟೋವನ್ನು ಪ್ರಿಂಟ್ ಹಾಕಿಸಿ ಚಾರ್ಟಿಗೆ ಅಂಟಿಸಿದೆವು. ಹೊಗಳುವ ಸಾಲು ಏನೂ ಬರೆಯಲಿಲ್ಲ. ಕೆಳಗೆ ಅಡ್ರೆಸ್ ಬರೆಯುವಾಗ ಸ್ಕೆಚ್ ಪೆನ್ನು ಹುಡಗಿಯವನ ಕೈಯಲ್ಲಿತ್ತು. ಜಲಸಂಗಿ, ಹುಮನಾಬಾದ್ ತಾಲ್ಲೂಕು, ಬೀದರ್ ಜಿಲ್ಲೆ ಅಂತ ಬರೆದು ಸ್ವಲ್ಪ ಹೊತ್ತು ನಿಂತ. ಆಮೇಲೆ ಬ್ರಾಕೆಟಿನಲ್ಲಿ ದೊಡ್ಡ ಅಕ್ಷರದಲ್ಲಿ ಸೇರಿಸಿದ: ನೋಡಲು ಬಂದವರಿಗೆ ಊಟ ಹುಡಗಿಯಲ್ಲಿ, ನಮ್ಮ ಮನೆಯಲ್ಲಿ.